ಇಬ್ಬರಿಗೆ ಒಂದು ಕೋಟು

ಹನ್ನೊಂದನೆಯ ದಿನದ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಒಲೆ ಹೊತ್ತಿಸಿ ಎರಡು ಲೋಟ ಕಾಫಿ ಬೆರೆಸಿದೆ. ಅತ್ತೆಗೊಂದು, ನನಗೊಂದು. ಮೂರನೆಯ ಲೋಟಕ್ಕೆ ಕೈ ಹೋಗಲಿಲ್ಲ. ಕೈ ಇಷ್ಟು ಬೇಗ ಕಲಿತುಬಿಟ್ಟಿತೇ ಎಂದು ಅದರ ಮೇಲೆ ಸಿಟ್ಟು ಬಂತು.

ಆಮೇಲೆ ಕೋಣೆಗೆ ಹೋದೆ. ಬಾಗಿಲ ಹಿಂದಿನ ಗೂಟದಲ್ಲಿ ಮಿಲಿಟರಿ ಕೋಟು ಇರಲಿಲ್ಲ.

“ಅತ್ತೆ, ಕೋಟು ಎಲ್ಲಿ?”

“ಆವಲಪ್ಪಂಗೆ ಕೊಟ್ಟೆ ಕಣಮ್ಮ,” ಎಂದರು ಅತ್ತೆ ಮುನಿಕೃಷ್ಣಮ್ಮ. “ಜ್ವರದಾಗೆ ನಡುಗ್ತಾನೆ ಅಂತ ಅದನ್ನೇ ಅಲ್ವಾ ಒದ್ದಿಸಿದ್ದು? ಜೀವ ಓದಾಗ ಮೈಮ್ಯಾಲಿದ್ದ ಬಟ್ಟೆ ಮಡಿವಾಳರದು. ಇಂಗೇ ನಡ್ಕಂಡ್ ಬಂದಿರೋದು.”

“ಅದು ನಮ್ಮದಲ್ಲ. ಖಾದರ್ ಬಾಷಾ ಅವರದು. ಇವರು ಕೇಳಿ ತಂದಿದ್ದರು.”

ಅತ್ತೆಯ ಲೋಟ ಬಾಯಿಯ ಹತ್ತಿರ ನಿಂತಿತು. “ಅಯ್ಯೋ ನನ್ನ ಬುದ್ಧಿಗಿಷ್ಟು! ಈಗ ಇಸ್ಕಂಡ್ ಬಂದ್ರೂ ಎಂಗೆ ಕೊಡೋದು? ಸತ್ತೋರ್ ಒದ್ಕಂಡಿದ್ದನ್ನ ಬದುಕಿರೋರ್ ಕೈಗಿಟ್ರೆ ಶಾಪ ಆಕ್ದಂಗೆ.”

ನನ್ನ ಚಿಂತೆ ಬೇರೆ ಇತ್ತು. ಗಂಗೆ ಹಿಮದ ಗುಹೆಯಿಂದ ಹೊರಬೀಳುವ ಗೋಮುಖಕ್ಕೆ ಈ ವೈಶಾಖದಲ್ಲಿ ನಾನೂ ನನ್ನ ಗಂಡನೂ ಹೊರಡುವುದೆಂದು ನಿಶ್ಚಯವಾಗಿತ್ತು. ಅವರು ಹೋದರು. ಹೊರಡುವುದು ಮಾತ್ರ ನನ್ನೊಳಗೆ ಹಾಗೆಯೇ ಉಳಿದಿತ್ತು. ಕುಳಿತರೆ ಕಾಲು ನಿಲ್ಲುತ್ತಿರಲಿಲ್ಲ.

ಅವರು ರಾಮಕೃಷ್ಣಪ್ಪ, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳುತ್ತಿದ್ದವರು. ನನ್ನನ್ನು ನೋಡಲು ಬಂದ ದಿನ ಕೇಳಿದ್ದು ಒಂದೇ ಪ್ರಶ್ನೆ.

“ಒಂದೇ ಸಲಕ್ಕೆ ಎಷ್ಟು ಮೈಲಿ ನಡೀತೀರಿ?”

ನನ್ನ ಕಾಲು ಕುಂಟೆಂದು ಯಾರೋ ಚಾಡಿ ಹೇಳಿರಬೇಕು ಎಂದುಕೊಂಡೆ. ಬಿ.ಎಸ್ಸಿ. ಪಾಸು ಮಾಡಿದ ಹುಡುಗಿಗೆ ಕೇಳುವ ಪ್ರಶ್ನೆಯೇ ಇದು? ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಎಲ್ಲರೂ ನೋಡುತ್ತಿದ್ದಂತೆ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು, ತಿರುಗಿ ಬಂದು ನಿಂತೆ.

“ಇಷ್ಟು ಸಾಕಾ?”

ಅವರು ತಲೆಯೆತ್ತಿ ನೋಡಿದರು. ತುಟಿ ಬಿಗಿಯಾಗಿಯೇ ಇತ್ತು. ಕಣ್ಣು ಮಾತ್ರ ನಗುತ್ತಿತ್ತು. “ಗೋಮುಖದ ತನಕ ಸಾಲೋದಿಲ್ಲ.”

ನಮ್ಮ ತಂದೆಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಆದರೆ ಆ ಕಣ್ಣನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಒಪ್ಪಿಕೊಂಡೆ.

ಮದುವೆಯಾದ ಮೇಲೆ ನಕಾಶೆ ಬಿಚ್ಚಿದರು. ಯಲಹಂಕದ ಮನೆಯ ನೆಲದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಪಾವು ಇಟ್ಟು ಹಿಮಾಲಯವನ್ನು ಹಿಡಿದು ನಿಲ್ಲಿಸುತ್ತಿದ್ದರು. “ಮಣ್ಣು ಹುಟ್ಟೋದು ಅಲ್ಲಿ. ಬಂಡೆ ಅರೆದು, ನೀರಲ್ಲಿ ಬಂದು, ಆಮೇಲೆ ಮಣ್ಣು. ಮಕ್ಕಳಿಗೆ ವರ್ಷಾ ವರ್ಷಾ ಹೇಳ್ತೀನಿ. ಒಂದ್ಸಲಾನೂ ನೋಡಿಲ್ಲ.”

ಭಾನುವಾರಗಳಲ್ಲಿ ಅಭ್ಯಾಸ. ಬೆನ್ನಿಗೆ ಹತ್ತು ಸೇರು ರಾಗಿಯ ಮೂಟೆ ಕಟ್ಟಿಕೊಂಡು ಹೆಸರಘಟ್ಟದ ಕಡೆಗೆ ನಡೆಯುತ್ತಿದ್ದೆವು. ರಾಗಿ ಮಿಷನ್ನಿನ ಪಿಳ್ಳಣ್ಣ ದಾರಿಗೆ ಅಡ್ಡ ಬರುತ್ತಿದ್ದ.

“ಮೇಷ್ಟ್ರೇ, ಮಿಷನ್ನು ಈ ಕಡೆ ಐತೆ. ಆ ಕಡೆ ಯಾಕ್ ಓಗ್ತೀರಾ?”

“ಗಾಳಿಗೆ ಕರ್ಕೊಂಡ್ ಹೋಗ್ತಿದೀವಿ ಪಿಳ್ಳಣ್ಣ.”

“ಯಾರ್ನ?”

“ರಾಗೀನ.”

ಸಂಜೆ ಅದೇ ಮೂಟೆ ಹೊತ್ತು ತಿರುಗಿ ಬರುವಾಗ ಪಿಳ್ಳಣ್ಣ ನನ್ನ ಕಡೆಗೆ ಕರುಣೆಯಿಂದ ನೋಡುತ್ತಿದ್ದ.

ಕೋಟು ಬಂದದ್ದು ಕೋಟೆ ಬೀದಿಯಿಂದ. ಖಾದರ್ ಬಾಷಾ ಚಾಚಾ ಪಟಾಲಮ್ಮಿನಲ್ಲಿ ಹೇಸರಗತ್ತೆ ನಡೆಸಿದವರು, ಹಿಮದಲ್ಲಿ ಎರಡು ಚಳಿಗಾಲ ಕಳೆದವರು. ಅವರ ಕೋಟು ನನ್ನ ಕಾಲ ಗಿಣ್ಣಿನ ತನಕ ಬರುತ್ತಿತ್ತು. ಇದ್ದದ್ದು ಒಂದೇ.

“ಇಬ್ಬರಿಗೆ ಒಂದು ಹೇಗೆ ಸಾಕು?” ಎಂದೆ.

“ಪರೀಕ್ಷೆ ಮಾಡೋಣ,” ಎಂದರು ಅವರು. ಹಿತ್ತಿಲಿನಲ್ಲಿ, ಹಗಲಲ್ಲೇ. ಬಲತೋಳಿಗೆ ಅವರ ಕೈ, ಎಡತೋಳಿಗೆ ನನ್ನ ಕೈ. ಮಧ್ಯೆ ಗುಂಡಿ ಹಾಕಿದರು. ಬಾವಿಯಿಂದ ಕರಿಬೇವಿನ ಗಿಡದವರೆಗೆ ನಡೆದೆವು.

“ಬಿ.ಎಸ್ಸಿ. ಅಮ್ಮಾವ್ರೇ, ಹೆಜ್ಜೆ ತಪ್ತಿದೀರಾ.”

“ನೀವೇ ಉದ್ದ ಹಾಕ್ತಿದೀರಿ.”

“ಹೀಗೆ ಪುಟ್ಟದಾಗಿ ಹಾಕಿದ್ರೆ ವೈಶಾಖಕ್ಕೆ ಹರಿದ್ವಾರಾನೂ ಮುಟ್ಟಲ್ಲ.”

“ನಂಗೇನೂ ಅವಸರ ಇಲ್ಲ.”

ಅವರು ತಿರುಗಿ ನೋಡಿದರು. ಅಷ್ಟು ಹತ್ತಿರದಲ್ಲಿ ತಿರುಗಿದರೆ ಮೂಗಿಗೆ ಮೂಗು ತಾಗುತ್ತದೆ. ತಾಗಿತು. ಒಣಗಿದ ಬಟ್ಟೆ ತೆಗೆಯಲು ಬಂದ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದರು.

ಆಮೇಲೆ ಮೂರು ವಾರಕ್ಕೆ ಅವರಿಗೆ ಟೈಫಾಯ್ಡು ಬಂತು.

ಕೋಟು ಕೇಳಲೆಂದು ಅವತ್ತೇ ಹೊರಟೆ. ಆವಲಪ್ಪನ ಮನೆ ಕೆರೆಯ ಅಂಚಿನಲ್ಲಿ. ನಾನೇ ಬಂದದ್ದನ್ನು ಕಂಡು ಅವನು ಗಾಬರಿಯಾಗಿ ಎದ್ದುನಿಂತ. ಕೋಟು ಒಳಗೆ ಹಗ್ಗದ ಮೇಲಿತ್ತು. ಅದನ್ನು ಕಂಡ ಕೂಡಲೇ ನನ್ನ ಎಡತೋಳು ಜುಮ್ಮೆಂದಿತು.

“ತಪ್ಪು ತಿಳ್ಕಬ್ಯಾಡಿ ಅಮ್ಮಾವ್ರೇ. ಅದು ನನ್ನ ಅಕ್ಕು. ನಮ್ಮಪ್ಪನ ಕಾಲ್ದಿಂದ ಇಂಗೇ. ವಾಪಸ್ ಕೊಟ್ರೆ ಸೂತಕ ನಿಮ್ಮನೆಗೇ ತಿರುಗ್ತದೆ.”

“ಆವಲಪ್ಪ, ನಿಮಗೆ ಸೇರಬೇಕಾದ್ದು ಸತ್ತವರ ಬಟ್ಟೆ. ಅಲ್ವಾ?”

“ಊಂ.”

“ಅದು ಅವರದ್ದಲ್ಲ. ಕೇಳಿ ತಂದದ್ದು.”

ಅವನು ತಲೆ ಕೆರೆದುಕೊಂಡ. ಹೆಂಡತಿ ಅಂಜಿನಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು: “ಅವರ್ದಲ್ಲ ಅಂದ್ಮ್ಯಾಕೆ ನಿಂದೆಂಗಾಗ್ತದೆ? ಕೊಡು.”

“ಕೊಡ್ತೀನಮ್ಮಿ. ಆದ್ರೆ ಮೇಷ್ಟ್ರು ಓದ್ರು, ನಮ್ಮನೆಗೆ ಅವರ್ದು ಅಂತ ಒಂದೂ ಬರ್ಲಿಲ್ಲ ಅಂತಾಗ್ತದಲ್ಲಾ. ಅದು ಅವರ್ಗೂ ಒಳ್ಳೇದಲ್ಲ.”

ಅವನು ಕೇಳುತ್ತಿದ್ದುದು ನ್ಯಾಯವಾಗಿತ್ತು. ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಅವರದೇ ಎನ್ನುವಂಥದು ಒಂದಿತ್ತು. ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಕಪ್ಪು ಕೋಟು, ಬಲಗೈ ಅಂಚಿನಲ್ಲಿ ಸೀಮೆಸುಣ್ಣ. ಅದನ್ನು ಯಾರಿಗೂ ಕೊಡಬಾರದೆಂದು ನಾನೇ ಸೀರೆಗಳ ಅಡಿಯಲ್ಲಿಟ್ಟಿದ್ದೆ. ಸೀಮೆಸುಣ್ಣ ಕೊಡವಲಿಲ್ಲ. ಹಾಗೆಯೇ ಮಡಿಸಿ ಕೊಂಡೊಯ್ದು ಆವಲಪ್ಪನ ಕೈಗಿಟ್ಟೆ. ಅವನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ.

“ಮಿಲಿಟ್ರಿ ಕೋಟು ಒಗ್ದು ಕೊಡ್ತೀನಿ. ಉಣ್ಣೆ, ಮೂರು ದಿನ ಬೇಕು ಒಣಗಾಕೆ.”

ಒಗೆಯಬೇಡ ಎನ್ನಲು ಬಾಯಿ ತೆರೆದೆ. ಅದರಲ್ಲಿ ಅವರ ಬೆವರಿತ್ತು. ಬಾಯಿ ಮುಚ್ಚಿಕೊಂಡೆ. ಹಿಂದಿರುಗಿಸಬೇಕಾದ ಬಟ್ಟೆಯನ್ನು ಒಗೆಯದೆ ಕೊಡುವುದಿಲ್ಲ.

ಆ ಮೂರು ದಿನ ಮನೆಯಲ್ಲಿ ನಿಲ್ಲಲಾಗಲಿಲ್ಲ. ಒಂದು ದಿನ ಹೆಬ್ಬಾಳದ ಕೆರೆ ಏರಿಯವರೆಗೆ ನಡೆದೆ. ಮರುದಿನ ಅಟ್ಟೂರು ದಾಟಿದೆ. ಮೂರನೆಯ ದಿನ ರಾಗಿ ಮೂಟೆ ಕಟ್ಟಿಕೊಂಡೇ ಹೊರಟೆ. ಪಿಳ್ಳಣ್ಣ ಮಿಷನ್ನಿನ ಮುಂದೆ ಎದ್ದುನಿಂತ. ಮಿಷನ್ನು ಯಾವ ಕಡೆ ಎಂದು ಹೇಳಲಿಲ್ಲ.

ಸಂಜೆ ಅತ್ತೆ ಮೂಟೆಯನ್ನು ಬೆನ್ನಿನಿಂದ ಇಳಿಸಿಕೊಂಡರು.

“ಓಗ್ತೀಯಾ?”

“ಹೋಗ್ತೀನಿ.”

“ಒಬ್ಳೇ?”

“ಹರಿದ್ವಾರದಿಂದ ಯಾತ್ರೆಯವರು ಗುಂಪಾಗಿ ಹೋಗ್ತಾರಂತೆ. ಅವರ ಜೊತೆ.”

“ಅವನು ಅಲ್ಲಿಲ್ಲ ಕಣಮ್ಮ. ಇಲ್ಲೇ ತ್ವಾಟದಾಗೆ ಮಣ್ಣಾಗವ್ನೆ.”

“ಗೊತ್ತು ಅತ್ತೆ. ಅವರನ್ನ ಹುಡುಕ್ಕೊಂಡು ಹೋಗ್ತಿಲ್ಲ.” ಮುಂದೇನು ಹೇಳಬೇಕೋ ತಿಳಿಯಲಿಲ್ಲ. “ನಂಗೂ ನೋಡ್ಬೇಕು. ಮೊದಮೊದಲು ಅವರಿಗೋಸ್ಕರ ನಡೀತಿದ್ದೆ. ಆಮೇಲಾಮೇಲೆ ನಂಗೇ ಬೇಕಾಯ್ತು. ಇದನ್ನ ಅವರಿಗೆ ಹೇಳಿರಲಿಲ್ಲ. ಬೇಡ ಅಂತ ನೀವು ಹೇಳಿದ್ರೆ ನಿಲ್ತೀನಿ.”

ಅತ್ತೆ ಬಹಳ ಹೊತ್ತು ಮೂಟೆಯ ಗಂಟು ಬಿಚ್ಚುತ್ತಿದ್ದರು. ಬೇಡ ಎನ್ನಲಿಲ್ಲ. “ಈ ರಾಗಿ ಎಷ್ಟ್ ಸಲ ಎಸ್ರಘಟ್ಟ ನೋಡ್ತೋ,” ಎಂದು ಒಳಗೆ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಕೋಟು ಹೊತ್ತು ಕೋಟೆ ಬೀದಿಗೆ ಹೋದೆ. ಖಾದರ್ ಬಾಷಾ ಚಾಚಾ ಜಗುಲಿಯ ಮೇಲೆ ಬಿಸಿಲು ಕಾಯುತ್ತಿದ್ದರು. ಅವರ ಹೆಂಡತಿ ಅಕ್ಬರಿ ಚಾಚಿ ಅಕ್ಕಿ ಆರಿಸುತ್ತಿದ್ದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಚಾಚಾ, ಇದನ್ನ ಹೊದ್ದೇ ಅವರು ಹೋದ್ರು. ಒಗೆಸಿದ್ದೀನಿ. ಇಂಥದ್ದನ್ನ ಹಿಂದಕ್ಕೆ ಕೊಡಬಾರದು ಅಂತಾರೆ. ಆದ್ರೆ ಕೇಳಿ ತಂದದ್ದು. ಏನು ಮಾಡ್ಲಿ, ನೀವೇ ಹೇಳಿ.”

ಚಾಚಿ ‘ಯಾ ಅಲ್ಲಾ’ ಎಂದು ಮೊರ ಕೆಳಗಿಟ್ಟರು. ಚಾಚಾ ನಿಧಾನವಾಗಿ ನಕ್ಕರು.

“ಬೇಟಿ, ಮಿಲ್ಟ್ರಿ ಕೋಟು ಇದು. ನಂಗೆ ಕೊಟ್ಟಾಗ್ಲೇ ಒಳಗಡೆ ಬೇರೆ ಯಾರ್ದೋ ನಂಬರ್ ಇತ್ತು. ಅವ್ನು ಎಲ್ಲಿ ಹೋದ, ನಾನು ಕೇಳಿಲ್ಲ. ಸಾವಿಗೆ ನಾನು ಹೆದರ್ಲಾ?” ಆಮೇಲೆ ನನ್ನ ಪಾದ ನೋಡಿದರು. ಹೆಸರಘಟ್ಟದ ದಾರಿಯ ಧೂಳಿನಲ್ಲಿ ಹಿಮ್ಮಡಿ ಒಡೆದಿತ್ತು. “ನೀನು ಹೋಗ್ತೀಯಾ. ಹೌದಾ?”

“ಹೌದು ಚಾಚಾ.”

“ಮತ್ತೆ ಇಟ್ಕೋ ಇದನ್ನ. ಬಂದ ಮೇಲೆ ಕೊಡು.”

ಕೋಟಿನ ತೂಕ ನನ್ನ ಎರಡೂ ಕೈಗಳ ಮೇಲಿತ್ತು. ಹಿಂದಿನ ರಾತ್ರಿ ಆವಲಪ್ಪ ತಂದುಕೊಟ್ಟ ಮೇಲೆ ಒಂದು ಸಲ ಹಾಕಿಕೊಂಡಿದ್ದೆ. ಎರಡೂ ತೋಳಿಗೆ ನನ್ನ ಕೈಗಳನ್ನೇ ತೂರಿಸಿ ಗುಂಡಿ ಹಾಕಿದ್ದೆ. ಎದೆಯ ಮುಂದೆ ಅಷ್ಟು ದೊಡ್ಡ ಖಾಲಿ ಜಾಗ. ಸೀಗೆಕಾಯಿ, ಬಿಸಿಲು, ಕೆರೆನೀರು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

“ಬೇಡ ಚಾಚಾ. ಇದರೊಳಗೆ ಒಬ್ಬಳೇ ಇದ್ರೆ ಚಳಿ ನುಗ್ಗುತ್ತೆ.”

ಅವರಿಗೆ ಅರ್ಥವಾಯಿತೋ ಏನೋ. ಅಕ್ಬರಿ ಚಾಚಿಗಂತೂ ಆಯಿತು. ಕಣ್ಣೊರೆಸಿಕೊಂಡು ಎದ್ದು ಬಂದು, ದುಪಟ್ಟಾದ ತುದಿಯನ್ನು ನನ್ನ ಒಂದು ಭುಜದಿಂದ ಇನ್ನೊಂದಕ್ಕೆ ಹಿಡಿದು ಅಳೆದರು.

“ಎರಡು ಕುರಿ ಕಂಬಳಿ ತಗೊಂಡ್ ಬಾ ಬೇಟಿ. ನಮ್ಮ ಟೈಲರ್ ತಾಜುದ್ದೀನ್ ಕೋಟು ಹೊಲೀತಾನೆ. ಇಷ್ಟೇ ಇಷ್ಟು ಇದೀಯ, ಎರಡು ಬೇಕಾದಷ್ಟಾಯ್ತು.”

ನಾನು ಕೋಟನ್ನು ಚಾಚಾನ ಮಡಿಲಲ್ಲಿಟ್ಟೆ. ಅವರು ಅದನ್ನು ಹೆಗಲ ಮೇಲೆ ಎಳೆದುಕೊಂಡು, ಮೇಲಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದರು:

“ಹೊರಡೋದು ಎಷ್ಟನೇ ತಾರೀಕು?”