ಬಾಯಿಗೆ ಬಾರದ ಭವಿಷ್ಯತ್ಕಾಲ

"ಝ ವೇ ಮಾಂಝೇ," ಎಂದಳು ರೇಣುಕಾ. ಫ್ರೆಂಚಿನಲ್ಲಿ, ನಾನು ಈಗ ಊಟ ಮಾಡಲಿದ್ದೇನೆ ಎಂದು ಅದರ ಅರ್ಥ. ಹಣೆಗೆ ಬಿಗಿದಿದ್ದ ನುಡಿಪಟ್ಟಿ ತಣ್ಣಗೇ ಇತ್ತು.

ಎದುರಿಗೆ ಕುಳಿತಿದ್ದ ಡಾ. ಮೃಣಾಲಿನಿ ಕಟ್ಟಿಯವರು ನಕ್ಕರು. "ನಿಮ್ಮ ಊಟ ಆಗೇದಲ್ಲ?"

"ಆಗೈತ್ರಿ ಮೇಡಂ. ಪುಸ್ತಕದಾಗ ಇದ್ದದ್ದು ಹೇಳಿದೆ."

"ಪುಸ್ತಕ ಬಿಡ್ರಿ. ಖರೇನ ಏನು ಮಾಡೋರಿದ್ದೀರಿ, ಅದನ್ನ ಹೇಳ್ರಿ."

ರೇಣುಕಾ ಯೋಚಿಸಿದಳು. ತರಗತಿ ಮುಗಿದ ಕೂಡಲೇ ಅವ್ವನಿಗೆ ಫೋನ್ ಮಾಡಬೇಕಿತ್ತು. ಅದನ್ನೇ ಫ್ರೆಂಚಿನಲ್ಲಿ ಜೋಡಿಸಿ ಹೇಳಿದಳು. ಪಟ್ಟಿ ಬೆಚ್ಚಗಾಯಿತು.

ನುಡಿಪಟ್ಟಿಯನ್ನು ಕಂಡುಹಿಡಿದವರು ಮೃಣಾಲಿನಿಯವರೇ. ಮನುಷ್ಯ ನಿಜವಾಗಿ ಮಾಡಬೇಕೆಂದಿರುವುದನ್ನು ಹೇಳುವಾಗ ಮಿದುಳಿನ ಮುಂಭಾಗದಲ್ಲಿ ಒಂದು ಸಣ್ಣ ವಿದ್ಯುತ್ ಕಂಪನ ಏಳುತ್ತದೆ. ಅವರು ಅದನ್ನು ಸಂಕಲ್ಪದ ಅಲೆ ಎಂದು ಕರೆದರು. ಆ ಅಲೆ ಎದ್ದ ಕ್ಷಣದಲ್ಲೇ ಪಟ್ಟಿ ಬೆಚ್ಚಗಾಗಿ ನೆನಪಿನ ಕೇಂದ್ರವನ್ನು ಪ್ರಚೋದಿಸುತ್ತದೆ. ಹೇಳಿದ ವಾಕ್ಯ ಅಲ್ಲಿ ಬೇರೂರುತ್ತದೆ. ಹೀಗಾಗಿ ಪಾಠವೆಲ್ಲ ಸಮೀಪ ಭವಿಷ್ಯತ್ಕಾಲದ ಸುತ್ತಲೇ ನಡೆಯುತ್ತಿತ್ತು. ಫ್ರೆಂಚರು ಈಗಲೋ ನಾಳೆಯೋ ಮಾಡಲಿರುವ ಕೆಲಸವನ್ನು ಹೇಳುವಾಗ 'ಹೋಗು' ಎಂಬ ಕ್ರಿಯಾಪದವನ್ನು ಮುಂದಿಟ್ಟು, ಅದರ ಹಿಂದೆ ಆ ಕೆಲಸದ ಹೆಸರನ್ನು ಇಡುತ್ತಾರೆ.

"ಎಲ್ಲಾದಕ್ಕೂ ಹೋಗೋದ ಏನ್ರಿ ಇವರು?" ಎಂದು ರೇಣುಕಾ ಮೊದಲ ದಿನವೇ ಬೆರಗಾಗಿದ್ದಳು. "ಮಲಗಾಕೂ ಹೋಗ್ತಾರ, ಏಳಾಕೂ ಹೋಗ್ತಾರ!"

ಹಾವೇರಿ ಸೀಮೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದವಳು ಅವಳು. ಫ್ರಾನ್ಸಿನ ವೃದ್ಧರ ಆರೈಕೆಗೆ ನರ್ಸುಗಳನ್ನು ಕಳುಹಿಸುವ ಸಂಸ್ಥೆಯೊಂದು ಮೂವತ್ತು ಜನರನ್ನು ಆರಿಸಿ, ಧಾರವಾಡದಲ್ಲಿದ್ದ ಮೃಣಾಲಿನಿಯವರ ಪ್ರಯೋಗಾಲಯದಲ್ಲಿ ಆರು ತಿಂಗಳ ತರಬೇತಿಗೆ ಕೂಡ್ರಿಸಿತ್ತು. ಮೂವತ್ತರಲ್ಲಿ ಹದಿನೆಂಟು ಮಂದಿ ವಿಮಾನ ಹತ್ತುವವರು.

ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಕೋಣೆಯಲ್ಲಿ ಅವರಿಬ್ಬರೇ ಇದ್ದರು. "ಇವತ್ತು ದೊಡ್ಡ ವಾಕ್ಯ ಹೇಳ್ರಿ," ಎಂದರು ಮೃಣಾಲಿನಿ. "ಯಾರಿಗೂ ಹೇಳದ್ದು ಇದ್ದರೂ ನಡೀತದ. ಅಂಥಾವ ಗಟ್ಟಿಯಾಗಿ ಉಳೀತಾವ."

ರೇಣುಕಾ ಕಿಟಕಿಯತ್ತ ನೋಡಿದಳು. ಆಮೇಲೆ ತಪ್ಪಿಲ್ಲದ ಫ್ರೆಂಚಿನಲ್ಲಿ ಹೇಳಿದಳು: ನಾನು ಅಲ್ಲಿ ಒಂದೇ ವರ್ಷ ಇರಲಿದ್ದೇನೆ. ಮರೆವಿನ ರೋಗಿಗಳನ್ನು ನೋಡಿಕೊಳ್ಳುವ ಬಗೆ ಕಲಿಯಲಿದ್ದೇನೆ. ತಿರುಗಿ ಬಂದು ನಮ್ಮ ಊರಲ್ಲಿ ಅಂಥ ವಾರ್ಡೊಂದನ್ನು ತೆರೆಯಲಿದ್ದೇನೆ.

ಹಣೆ ಬಿಸಿಯಾಯಿತು. ಅಷ್ಟು ಬಿಸಿ ಹಿಂದೆಂದೂ ಆಗಿರಲಿಲ್ಲ. ಮೃಣಾಲಿನಿಯವರ ಕಣ್ಣು ತುಂಬಿತ್ತು. "ಭಾಳ ಛಲೋ ವಿಚಾರ ಅದ, ರೇಣುಕಾ," ಎಂದು ಅವಳ ಕೈ ಒತ್ತಿದರು.

ಆಯ್ಕೆಯಾದವರ ಅಂತಿಮ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಪರೀಕ್ಷೆಯಲ್ಲಿ ಅವಳೇ ಮೊದಲಿಗಳು. ಕಚೇರಿಯ ಗುಮಾಸ್ತ ಅವಳ ಪ್ರಮಾಣಪತ್ರಗಳನ್ನು ಹಿಂತಿರುಗಿಸುವಾಗ ಕಡತದಲ್ಲಿದ್ದ ಇನ್ನೊಂದು ಹಾಳೆಯೂ ಅವುಗಳ ಜೊತೆಗೇ ಬಂತು. ಮೇಲೆ 'ಸಂಕಲ್ಪ ವರದಿ' ಎಂದಿತ್ತು. ಅವಳು ಆ ಮಧ್ಯಾಹ್ನ ಹೇಳಿದ ಮೂರು ವಾಕ್ಯ, ಅವುಗಳ ಅನುವಾದ, ಅಲೆಯ ತೀವ್ರತೆ. ಕೆಳಗೆ ಒಂದು ಸಾಲು: 'ವರ್ಷದೊಳಗೆ ಮರಳುವ ಇರಾದೆ ಖಚಿತ. ಐದು ವರ್ಷದ ಕರಾರಿಗೆ ತಕ್ಕವರಲ್ಲ.' ಸಹಿ ಮೃಣಾಲಿನಿ ಕಟ್ಟಿಯವರದು.

ರೇಣುಕಾ ಆ ಹಾಳೆ ಹಿಡಿದು ನೇರ ಅವರ ಕೋಣೆಗೆ ಹೋದಳು. "ಇದು ನೀವ ಬರೆದದ್ದೇನ್ರಿ?"

ಮೃಣಾಲಿನಿ ಕನ್ನಡಕ ತೆಗೆದರು. "ಪ್ರಯೋಗಾಲಯ ನಡೀಬೇಕಲ್ಲ ರೇಣುಕಾ. ಯಾರು ನಿಲ್ಲೋರು, ಯಾರು ಬಿಟ್ಟು ಬರೋರು ಅಂತ ಸಂಸ್ಥೆಯವರು ಕೇಳಿದ್ರು. ಎಲ್ಲಾರ್ದೂ ಕೊಟ್ಟೇನಿ, ನಿಮ್ಮದೊಂದ ಅಲ್ಲ."

"ಐದು ವರ್ಷ ಇರಬೇಕಂತ ನಮಗ ಯಾರೂ ಹೇಳಿದ್ದಿಲ್ಲ."

"ಅದು ಅವರು ಹೇಳಬೇಕಿತ್ತು."

"ನನ್ನ ಗಂಡಗೂ ಹೇಳಿದ್ದಿಲ್ರಿ ಆ ಮಾತು. ಭಾಷಾ ಕಲಸ್ತೀನಿ ಅಂತ ಕೂಡ್ರಿಸಿ ಹೊಟ್ಟ್ಯಾಗಿಂದು ಹೊರಗ ತಗಿಸಿದ್ರಿ. ಕೈ ಹಿಡಿದು ಛಲೋ ಅದ ಅಂದ್ರಿ. ಆಮ್ಯಾಲೆ ಬರಕೊಂಡು ಕುಂತ್ರಿ."

ರೇಣುಕಾ ಹೊರಬಂದು, ಮೊಗಸಾಲೆಯಲ್ಲಿ ನಿಂತಿದ್ದವರೆಲ್ಲರಿಗೂ, ನಿಮ್ಮವನ್ನೂ ಹೀಗೇ ಬರೆದು ಕೊಟ್ಟಿದ್ದಾರೆ ಎಂದು ಹೇಳಿ, ಆ ಹಾಳೆಯನ್ನು ತೋರಿಸಿದಳು. ಆಯ್ಕೆಯಾದ ಹದಿನೆಂಟು ಮಂದಿಯೂ ಓದಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವಾರದೊಳಗೆ ಆ ಹದಿನೆಂಟು ಮಂದಿ ಫ್ರಾನ್ಸಿಗೆ ಹೊರಟುಹೋದರು.

ಮೂರು ತಿಂಗಳಿಗೆ ಫ್ರಾನ್ಸಿನಿಂದ ವಿಚಿತ್ರವಾದ ದೂರು ಬಂತು. ನರ್ಸುಗಳ ಫ್ರೆಂಚ್ ಚೆನ್ನಾಗಿದೆ. ನಿನ್ನೆ ಏನು ಮಾಡಿದೆವು ಎಂದು ಹೇಳುತ್ತಾರೆ, ಈಗ ಏನು ಮಾಡುತ್ತಿದ್ದೇವೆ ಎಂದೂ ಹೇಳುತ್ತಾರೆ. ಆದರೆ ಏನು ಮಾಡಲಿದ್ದೇವೆ ಎಂಬುದನ್ನು ಒಬ್ಬರೂ ಹೇಳುವುದಿಲ್ಲ. ಮುನ್ಸೂಚನೆಯಿಲ್ಲದೆ ತೋಳಿಗೆ ಸೂಜಿ ಚುಚ್ಚುತ್ತಾರೆ, ಮಗ್ಗುಲು ಹೊರಳಿಸುತ್ತಾರೆ. ಮುದುಕರು ಬೆಚ್ಚಿ ಕಿರುಚುತ್ತಿದ್ದಾರೆ.

ಮೃಣಾಲಿನಿ ದೂರದಿಂದಲೇ ಪರೀಕ್ಷೆ ನಡೆಸಿದರು. ಫಲಿತಾಂಶ ಹದಿನೆಂಟು ಜನರಲ್ಲೂ ಒಂದೇ. ಭವಿಷ್ಯತ್ಕಾಲದ ವಾಕ್ಯಗಳೆಲ್ಲ ನಿರ್ಭಯವಾಗಿ ಮನಸ್ಸು ಬಿಚ್ಚಿದ ಗಳಿಗೆಯಲ್ಲಿ ಬೇರೂರಿದ್ದವು. ಈಗ ಅಂಥ ವಾಕ್ಯ ನಾಲಿಗೆಗೆ ಬರುವಷ್ಟರಲ್ಲಿ ಸಿಕ್ಕಿಬೀಳುವ ಭಯವೂ ಏಳುತ್ತಿತ್ತು, ವಾಕ್ಯ ಅಲ್ಲೇ ನಿಂತುಬಿಡುತ್ತಿತ್ತು. ವಾಕ್ಯಗಳನ್ನು ಬೇರೂರಿಸಿದ ಪಟ್ಟಿಗೆ ಆ ಭಯವನ್ನು ತೆಗೆಯಲು ಬರುತ್ತಿರಲಿಲ್ಲ.

ಮೃಣಾಲಿನಿ ಹಾವೇರಿಗೆ ಬಂದಾಗ ರೇಣುಕಾ ಹಳೆಯ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದಳು. ಬೆಳಗಿನ ಹತ್ತು ಗಂಟೆ.

"ವರದಿ ನಿಲ್ಲಿಸ್ತೀನಿ, ರೇಣುಕಾ," ಎಂದರು ಮೃಣಾಲಿನಿ. "ನಿಮ್ಮನ್ನ ಕಳಸ್ರಿ ಅಂತ ನಾನ ಪತ್ರಾ ಬರೀತೀನಿ. ಒಂದ ವರ್ಷ ಸಾಕು. ನಿಮಗಾದರೂ ಬರತದೇನು ನೋಡ್ರಿ. 'ನಾನು ಹೋಗಲಿದ್ದೇನೆ' ಅಂತ ಒಂದು ಸಲ ಫ್ರೆಂಚಿನಾಗ ಅನ್ರಿ."

ರೇಣುಕಾ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ಹೇಳಬೇಕೆಂದು ಅವಳಿಗೆ ನಿಜವಾಗಿಯೂ ಅನಿಸಿತು. ತುಟಿ ತೆರೆದಳು. "ಝ," ಎಂದಳು. ಮುಂದಿನದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಆರು ತಿಂಗಳು ರಾತ್ರಿ ಹಗಲು ಕಲಿತದ್ದು ಕಣ್ಣೆದುರೇ ಇತ್ತು, ಬಾಯಿಗೆ ಬರುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಮೃಣಾಲಿನಿ ನೋಡುವುದು ಅವಳಿಗೆ ಬೇಡವಾಗಿತ್ತು.

"ಪತ್ರಾ ಬರೀಬ್ಯಾಡ್ರಿ," ಎಂದಳು. "ನಿಮ್ಮ ಮಾತು ಕೇಳಿ ಹೊರಡೋ ಧೈರ್ಯ ನನಗಿಲ್ಲ."

ಮಂಚದ ಮೇಲಿದ್ದ ಮುದುಕ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ. ರೇಣುಕಾ ಅವನತ್ತ ತಿರುಗಿ ಅಂಗಿಯ ತೋಳನ್ನು ಮೆಲ್ಲಗೆ ಮೇಲೆ ಸರಿಸಿದಳು.

"ಯಜ್ಜಾ, ಈಗ ಸೂಜಿ ಚುಚ್ಚತೀನಿ. ಒಂದೀಟು ಉರೀತೈತಿ. ಹೆದರಬ್ಯಾಡ."

ಮುದುಕ ತಲೆಯಾಡಿಸಿ ಕಣ್ಣು ಮುಚ್ಚಿದ.