ಬಲಗಡೆಯ ಹಿಂದಿನ ಚಕ್ರ

ಸಹಾರಾ ಮರುಭೂಮಿಯ ತಮನ್‌ರಾಸೆಟ್ ದಾರಿಯಲ್ಲಿ ಲಾರಿ ನಿಂತಾಗಲೆಲ್ಲ ನಾವು ಪ್ರತಿ ಚಕ್ರದ ನಡುವಿನ ಹಬ್ ಅನ್ನೂ ಅಂಗೈಯಿಂದ ಮುಟ್ಟಿ ನೋಡುತ್ತೇವೆ. ಕೈ ಸುಟ್ಟರೆ ಬೇರಿಂಗ್ ಹೋಗುತ್ತಿದೆ ಎಂದರ್ಥ. ಆ ಮಧ್ಯಾಹ್ನ ಎಡಕ್ಕೆ ತಿರುಗಿದಾಗಲೆಲ್ಲ ಬಲಗಡೆಯ ಹಿಂದಿನ ಚಕ್ರ ಗುಂಯ್‌ಗುಡುತ್ತಿತ್ತು.

"ಹಿಂದಿನ ಸಲ ನಿಂತಾಗ ಮುಟ್ಟಿ ನೋಡಿದ್ಯಾ, ಚಿಕ್ಕಪ್ಪ?" ಎಂದ ಜೊತೆಗಿದ್ದ ಅಣ್ಣನ ಮಗ ಮೆಕ್ಕಿ.

"ನೋಡ್ದೇ ಇರ್ತೀನೇನೋ? ನಿನ್ನ ಹಾಗೆ ಸೋಮಾರಿನಾ ನಾನು?"

ಸುಳ್ಳು. ದಣಿವಿಗೆ ನಾನು ಲಾರಿಯಿಂದ ಇಳಿದೇ ಇರಲಿಲ್ಲ.

ಕಡಿದಾದ ಇಳಿಜಾರಿನ ತಲೆಯಲ್ಲಿ ಚಕ್ರ ಕಿರುಚತೊಡಗಿತು. ಕಳಚಿಕೊಂಡರೆ ಇಬ್ಬರೂ ಉಳಿಯುತ್ತಿರಲಿಲ್ಲ. ನಿಲ್ಲಿಸಿದೆ. ಮೆಕ್ಕಿ ಹಬ್ ಮೇಲೆ ನೀರು ಚಿಮುಕಿಸಿದ. ಚುರ್ ಎಂದು ಆವಿಯಾಯಿತು. ಪಕ್ಕದಲ್ಲೇ, ಹಬ್ ಮೇಲಿನ ಧೂಳಿನಲ್ಲಿ, ಒಂದು ಅಂಗೈ ಗುರುತು ಮೂಡಿತ್ತು.

"ತಪ್ಪಾಯ್ತು ಚಿಕ್ಕಪ್ಪ. ನೀನು ಸುಳ್ಳು ಹೇಳ್ತಿದ್ದೀಯ ಅನ್ಕೊಂಡಿದ್ದೆ."

ನಾಚಿಕೆಗೆ ತಲೆ ತಗ್ಗಿಸಿದೆ. ನಾನಂತೂ ಆ ಹಬ್ ಮುಟ್ಟಿರಲಿಲ್ಲ, ಲಾರಿಯಲ್ಲಿ ಮೂರನೆಯವರೂ ಇರಲಿಲ್ಲ. ಆದರೂ ಕಾದ ಕಬ್ಬಿಣದ ಮೇಲೆ ಆ ಅಂಗೈಯ ಬೆವರು ಇನ್ನೂ ಆರಿರಲಿಲ್ಲ.