ಸಂಜೆಯ ರೈಲು ತಪ್ಪಿದ್ದರೆ

ಕಾಯಿಲೆಯ ಬಗ್ಗೆಯಾಗಲಿ ಪ್ರೇಮದ ಬಗ್ಗೆಯಾಗಲಿ ಹೇಳುವಷ್ಟು ನಾನು ಓದಿಲ್ಲ. ಆದರೂ ಹೇಳಲು ಹೊರಟಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು.

೧೯೯೩ರ ದಸರಾ ಕಳೆದಿತ್ತು. ವಿಶಾಖಪಟ್ಟಣದ ಆಸ್ಪತ್ರೆಯೊಂದರ ವರಾಂಡದಲ್ಲಿ ಮೃಣಾಲಿನಿ ಸಿಟ್ಟಿನಿಂದ ಕುದಿಯುತ್ತಿದ್ದಳು. ಧಾರವಾಡದಿಂದ ವರ್ಗವಾಗಿ ಬಂದು ದ್ವಾರಕಾ ನಗರದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು. ತೀರಿಹೋದ ಅಕ್ಕನ ಮಗಳು ಕನಕಲಕ್ಷ್ಮಿ ಅವಳನ್ನು ತೆಲುಗಿನಲ್ಲಿ ‘ಪಿನ್ನಿ’, ಅಂದರೆ ಚಿಕ್ಕಮ್ಮ, ಎನ್ನುತ್ತಾ ಅವಳ ಬಳಿಯೇ ಬೆಳೆಯುತ್ತಿದ್ದಳು. ಆ ಮಗುವಿಗೆ ಲೂಪಸ್, ಮೈಯ ರಕ್ಷಣಾ ಶಕ್ತಿಯೇ ಮೈಗೆ ತಿರುಗಿಬೀಳುವ ಕಾಯಿಲೆ. ಈಗ ಎಡಗಾಲು ಬಾಳೆದಿಂಡಿನಂತೆ ಊದಿತ್ತು.

ರಜೆಗೆ ವಿಜಯವಾಡದಲ್ಲಿದ್ದ ಅಪ್ಪನ ಕಡೆಯ ಅಜ್ಜಿಯ ಮನೆಗೆ ಹೋದಾಗ ಕನಕಳ ಮೂಗಿನಿಂದ ರಕ್ತ ಸುರಿದಿತ್ತು. ಅಲ್ಲಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದವನು ಕನ್ನಡ ಬಲ್ಲ ರಾಮಮೋಹನ್, ಹಿಂದಿನ ರಜೆಗಳಲ್ಲಿ ಮಗುವಿನ ಜೊತೆ ಹೋದಾಗ ಮೃಣಾಲಿನಿಗೆ ಪರಿಚಯವಾಗಿದ್ದವನು. ರಕ್ತ ಹೆಪ್ಪುಗಟ್ಟುವುದು ತಡ ಎಂದು ಬರೆದು, ಸಂಜೆಯ ರೈಲಿನಲ್ಲಿ ಮಗುವನ್ನು ತಾನೇ ಕರೆತಂದಿದ್ದ.

“ಅಜ್ಜಿ ಕರಕೊಂಡು ಬರ್ತಿದ್ರಲ್ಲ, ನೀವ್ಯಾಕ ಬಂದ್ರಿ?” ಎಂದು ಅಂದು ಕೇಳಿದಾಗ ಅವನ ಕಿವಿ ಕೆಂಪಾದದ್ದು ಅವಳಿಗೆ ಹಿತವಾಗಿತ್ತು. ಏಟು ಬಿದ್ದರೆ ರಕ್ತ ಸೋರೀತು, ಮಲಗಿಸಿಯೇ ಇಡಿ ಎಂದಿದ್ದ. ಅವಳು ಮಗುವನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಅಲ್ಲೇ, ಅಲುಗಾಡದೆ ಇದ್ದ ಕಾಲಿನಲ್ಲಿ ರಕ್ತ ಗಡ್ಡೆ ಕಟ್ಟಿತು.

ಸುದ್ದಿ ಕೇಳಿ ಓಡಿಬಂದ ರಾಮಮೋಹನ್ ಈಗ ಇಲ್ಲಿನ ಲ್ಯಾಬಿನಿಂದ ಹೊರಬಂದ. ಅವನ ಮೊಣಕೈ ಮಡಿಕೆಯಲ್ಲಿ ಹತ್ತಿ.

“ಅವಳ ರಕ್ತದ ಜೊತೆ ನನ್ನದು ಬೆರೆಸಿ ನೋಡ್ದೆ. ಏನಾದ್ರೂ ಕೊರತೆ ಇದ್ದಿದ್ರೆ ತುಂಬ್ಕೊಂಡು ಸರಿಹೋಗ್ಬೇಕಿತ್ತು. ಹೋಗ್ಲಿಲ್ಲ. ಅಂದ್ರೆ ಕೊರತೆ ಅಲ್ಲ, ಏನೋ ತಡೀತಾ ಇದೆ. ಲೂಪಸ್ ಇರೋರಲ್ಲಿ ಅಂಥ ರಕ್ತ ಗಾಜಿನ ಕೊಳವೇಲಿ ಹೆಪ್ಪುಗಟ್ಟೋದು ತಡ, ಮೈಯೊಳಗೆ ಅವಸರ.”

“ಇದನ್ನ ವಿಜಯವಾಡದಾಗ ಯಾಕ ಮಾಡ್ಲಿಲ್ಲ?”

“ಮಾಡ್ತಾ ಕೂತಿದ್ರೆ ಸಂಜೆ ರೈಲು ತಪ್ಪುತ್ತಿತ್ತು.”

“ತಪ್ಪಿದ್ರ?”

“ಆವತ್ತು ನಿಮ್ಮನ್ನ ನೋಡೋಕೆ ಆಗ್ತಿರಲಿಲ್ಲ.”

ಬೇರೆ ದಿನವಾಗಿದ್ದರೆ ಸಿಹಿಯಾಗುತ್ತಿದ್ದ ಮಾತು ಚೇಳಿನಂತೆ ಕುಟುಕಿತು.

“ನನ್ನ ನೋಡೋ ಅವಸರಕ್ಕ ಕೂಸಿನ ಪರೀಕ್ಷೆ ಅರ್ಧಕ್ಕ ಬಿಟ್ರಿ? ಅಂಥ ಪ್ರೀತಿ ನನಗ ಬ್ಯಾಡ.”

ಅವನು ಗೋಡೆಗೊರಗಿ ನಿಂತ. ಹೋಗಲಿಲ್ಲ.

ಒಳಗಿನಿಂದ ಕನಕಳ ದನಿ ಬಂತು. “ಪಿನ್ನಿ, ಅಂಕಲ್‌ನ ಬೈಬೇಡ. ಆಮೇಲೆ ಸೂಜಿ ಚುಚ್ಚೋವಾಗ ಅವರ ಕೈ ನಡುಗುತ್ತೆ.”

ಮೃಣಾಲಿನಿಗೆ ನಗು ಬಂತು. ನಗು ಬಂತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. ಅವನ ಮೊಣಕೈಯ ಹತ್ತಿ ಕೆಂಪಾಗುತ್ತಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು, ನೋಯುವಷ್ಟು ಬಲವಾಗಿ ಒತ್ತಿ ಹಿಡಿದಳು. ಅವನು ಕೈ ಎಳೆದುಕೊಳ್ಳಲಿಲ್ಲ.

“ಇನ್ನ ಮ್ಯಾಲೆ ಕೆಲಸ ಮುಗೀದಿದ್ರ ರೈಲು ತಪ್ಪಿಸ್ಕೋರಿ,” ಎಂದಳು. “ನಾ ಕಾಯ್ತೀನಿ.”

ರಕ್ತ ತೆಳುವಾಗಿಸುವ ಔಷಧಿ ಕೊಟ್ಟ ಮೇಲೆ ಕನಕಳ ಕಾಲಿನ ಊತ ಇಳಿಯಿತು. ಮುಂದೆ ಎಲ್ಲಿ ಗಡ್ಡೆ ಕಟ್ಟೀತೋ, ಎಲ್ಲಿ ರಕ್ತ ಒಸರೀತೋ ಡಾಕ್ಟರಿಗೂ ತಿಳಿದಿರಲಿಲ್ಲ. ಮೃಣಾಲಿನಿ ಅವನನ್ನು ಪೂರ್ತಿ ಕ್ಷಮಿಸಿದಳೇ ಎಂಬುದು ನನಗೂ ತಿಳಿಯದು.